ಮೂರು ಕೂಗಿಗೆ ಓಗೊಟ್ಟ ಸಾಮಾನು

ಠಾಣೆ ಪೂರ್ವದ ಕೋಪರಿಯಲ್ಲಿ ಯಂಕಣ್ಣ ಎಂಬ ಮಹಾಪ್ರಯಾಣಿಕನಿದ್ದಾನೆ. ಅವನಿಗೆ ಹಳಿ ಬೇಡ, ಗಾಡಿ ಬೇಡ, ಟಿಕೆಟಂತೂ ಬೇಡವೇ ಬೇಡ. ದಿನಾ ಸಂಜೆ ಏಳರ ಹೊತ್ತಿಗೆ ತನ್ನ ಒಂದೇ ಖೋಲಿಯ ಮನೆಯ ನಡುವೆ ನಿಂತಲ್ಲಿಂದಲೇ ಹೊರಟುಬಿಡುತ್ತಾನೆ. ಸೂರಿನ ತೊಲೆಯಿಂದ, ಅಟ್ಟದ ಅಂಚಿಗೆ ತಾಗಿದಂತೆ, ಲೋಕಲ್ ಗಾಡಿಯ ಒಂದು ಹಿಡಿಕೆ ಇಳಿಬಿದ್ದಿದೆ. ಗಾಡಿ ಕುಲುಕಿದಾಗ ನಿಂತವರು ಜೋತುಬೀಳುತ್ತಾರಲ್ಲ, ಅಂಥ ಉಕ್ಕಿನ ತ್ರಿಕೋನ. ಯಂಕಣ್ಣ ಕೈಕಾಲು ತೊಳೆದು ಬರುತ್ತಾನೆ, ಎರಡೂ ಕೈಯೆತ್ತಿ ಅದನ್ನು ಹಿಡಿಯುತ್ತಾನೆ, ಕಣ್ಣು ಮುಚ್ಚುತ್ತಾನೆ. ಆಮೇಲೆ ಹತ್ತು ನಿಮಿಷ ಅವನು ಈ ಲೋಕದವನಲ್ಲ.

ಆ ಹತ್ತು ನಿಮಿಷ ಚಾಳಿನಲ್ಲಿ ಯಾರೂ ಅವನ ಬಾಗಿಲಲ್ಲಿ ನಿಂತು ಸಕ್ಕರೆ ಕೇಳುವುದಿಲ್ಲ. ಅವನ ಹಿಮ್ಮಡಿ ನೆಲದಿಂದ ಎರಡು ಬೆರಳು ಮೇಲೆ ಏಳುತ್ತದೆ ಎಂದು ಮಕ್ಕಳು ಆಣೆ ಮಾಡಿ ಹೇಳುತ್ತವೆ. ಎದುರಿನ ಬಿಲ್ಡಿಂಗಿನಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುವ ಉಡುಪಿ ಕಡೆಯ ಸ್ವರ್ಣಲತಾ, ಕಿಟಕಿಯಿಂದ ಕಂಡದ್ದಕ್ಕೆ ಕಾಣದ್ದನ್ನೂ ಬೆರೆಸಿ ಹುದುಗು ಬರಿಸಿದ್ದಾಳೆ. "ನಿನ್ನ ಗಂಡ ಸಾಮಾನ್ಯ ಜನ ಅಲ್ಲ ಮಾರಾಯ್ತಿ," ಎಂದು ಅವಳು ತನ್ನಲ್ಲಿ ರುಬ್ಬುವ ಕೆಲಸಕ್ಕೆ ಬರುವ ದಾನಮ್ಮನಿಗೆ ಹೇಳುತ್ತಾಳೆ. "ಯೋಗಿಗಳು ಕೂತು ಮಾಡುವುದನ್ನು ಇವರು ನಿಂತು ಮಾಡ್ತಾರೆ. ಕೂತ್ಕೊಳ್ಳಿಕ್ಕೆ ಜಾಗ ಇಲ್ಲ ಅಲ್ವಾ, ಅದಕ್ಕೆ."

ಆ ಹಿಡಿಕೆ ಬಂದ ಬಗೆಗೂ ಪುರಾಣವಿದೆ. ಒಂದು ಮಳೆಗಾಲ ಕರ್ಜತ್ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಅದು ಯಂಕಣ್ಣನ ಕೈಯಲ್ಲೇ ಕಿತ್ತು ಬಂತಂತೆ, ಗಾಡಿ ನಾಚಿಕೊಂಡು ನಿಂತೇ ಬಿಟ್ಟಿತಂತೆ. ಇನ್ನೊಬ್ಬರ ಪ್ರಕಾರ ಈಗ ಓಡದೆ ಹೋದ ಯಾವುದೋ ಹಳೆಯ ಗಾಡಿ ತನ್ನ ನೆನಪಿಗೆಂದು ಅವನೊಬ್ಬನಿಗೇ ಬಿಟ್ಟು ಹೋದದ್ದು ಅದು. ನಿಜ ಇಷ್ಟೇ. ಡೊಂಬಿವಲಿಯ ಒಬ್ಬ ನಿವೃತ್ತ ಮೋಟರ್‌ಮನ್ ಮನೆ ಖಾಲಿ ಮಾಡುವಾಗ ಅದನ್ನು ಮೊಳೆಯಲ್ಲೇ ಬಿಟ್ಟು ಹೋದರು, ಯಂಕಣ್ಣ ಎತ್ತಿಕೊಂಡು ಬಂದ. ಆದರೆ ನಿಜ ಹೇಳಿದರೆ ಯಾರು ಕೇಳುತ್ತಾರೆ?

ದಾನಮ್ಮನಿಗೆ ಮಾತ್ರ ಅವಳದೇ ಒಂದು ನಂಬಿಕೆಯಿತ್ತು, ಹತ್ತೊಂಬತ್ತು ವರ್ಷದಿಂದ ಅದನ್ನು ಯಾರಿಗೂ ಹೇಳಿರಲಿಲ್ಲ. ಗಂಡ ಕಣ್ಣು ಮುಚ್ಚಿ ಹಿಡಿಕೆ ಹಿಡಿದಾಗ ಒಂದು ಗಾಡಿ ಬರುತ್ತದೆ, ಅದು ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ಅವನು ಇದುವರೆಗೆ ಖಾಲಿ ಮಾಡಿದ ಒಂದೊಂದು ಮನೆಯ ಬಾಗಿಲಲ್ಲೂ ನಿಲ್ಲುತ್ತದೆ. ಅವನು ಇಳಿದು ಒಳಗೆ ಇಣುಕಿ ಮತ್ತೆ ಹತ್ತುತ್ತಾನೆ. ಹತ್ತು ನಿಮಿಷ ಬೇಕೇ ಬೇಕು. ಅವನು ಕಣ್ಣು ಬಿಟ್ಟ ಮೇಲೆ ಅವಳು ತಟ್ಟೆ ಇಡುತ್ತಿದ್ದಳು. ಎಲ್ಲಿಗೆ ಹೋಗಿದ್ದಿರಿ ಎಂದು ಮಾತ್ರ ಕೇಳಿದವಳಲ್ಲ. ದೂರ ಹೋಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಬಾರದು.

ಯಂಕಣ್ಣ ವಿಜಯಪುರದ ಕಡೆಯವನು, ಮನೆ ಸಾಗಿಸುವ ಟೆಂಪೊಗಳಲ್ಲಿ ಹೊರೆ ಹೊರುವುದು ಅವನ ಕಸುಬು. ಮಾಜಿವಾಡಾದ ನಾಕಾದಲ್ಲಿ ಬೆಳಗ್ಗೆ ಟೆಂಪೊ ಹತ್ತಿದರೆ ಎಲ್ಲಿ ಇಳಿಯುತ್ತಾನೋ ಅವನಿಗೂ ಗೊತ್ತಿಲ್ಲ. ಕಪಾಟು, ಫ್ರಿಜ್ಜು, ಅಜ್ಜಿಯರ ಕಬ್ಬಿಣದ ಟ್ರಂಕು, ಎಲ್ಲ ಅವನ ಬೆನ್ನು ನೋಡಿವೆ. ಈ ಕಸುಬಿಗೆ ಒಂದು ಪದ್ಧತಿಯಿದೆ. ಮನೆ ಪೂರ್ತಿ ಬರಿದಾದ ಮೇಲೆ, ಬೀಗ ಬೀಳುವ ಮುಂಚೆ, ತಂಡದ ಹಿರಿಯನೊಬ್ಬ ಬರಿ ಖೋಲಿಯ ನಡುವೆ ನಿಂತು ಮೂರು ಸಲ ಕೂಗಬೇಕು: "ಏನರ ಉಳದೈತೇನ್ರೀ?" ಮನೆಯವರು ಓಗೊಟ್ಟರೆ ಸರಿ. ಮೂರನೆಯ ಕೂಗಿನ ಮೇಲೆ ಉಳಿದದ್ದು ಹೊತ್ತವರ ಪಾಲು. ನಾಳೆ ನಮ್ಮ ಸಾಮಾನು ಎಲ್ಲಿ ಎಂದು ಯಾರೂ ತಕರಾರು ತೆಗೆಯಬಾರದು ಎಂದು ಮಾಡಿಕೊಂಡ ನೇಮ ಇದು.

ಕೂಗುವ ಹಿರಿಯ ಯಂಕಣ್ಣ. ಹಾಗಾಗಿ ಆರಿಸುವ ಮೊದಲ ಹಕ್ಕೂ ಅವನದೇ. ಬೇರೆಯವರು ಇಂಥ ಹಕ್ಕಿನಿಂದ ಫ್ಯಾನು ಗಳಿಸಿದ್ದಾರೆ, ಬಕೆಟ್ಟು ಗಳಿಸಿದ್ದಾರೆ, ಒಬ್ಬನಂತೂ ನಡೆಯುವ ವಾಷಿಂಗ್ ಮಷೀನನ್ನೇ ಗಳಿಸಿದ. ಯಂಕಣ್ಣ ಮನೆಗೊಂದರಂತೆ ಒಂದೇ ವಸ್ತು ಎತ್ತುತ್ತಾನೆ, ಅದೂ ಲೋಕದಲ್ಲಿ ಯಾರಿಗೂ ಬೇಡವಾದದ್ದನ್ನು. ಹತ್ತೊಂಬತ್ತು ವರ್ಷ ಮನೆಗೊಂದು ಎಂದರೆ ಎಷ್ಟಾಯಿತು ಎಂದು ಲೆಕ್ಕ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಮಾಳಾ ಎಂದು ಇಲ್ಲಿನವರು ಕರೆಯುವ ಮರದ ಅಟ್ಟ ಅರ್ಧ ಖೋಲಿಯ ಮೇಲೆ ಚಾಚಿಕೊಂಡಿತ್ತು, ಅದು ಸೂರಿನ ತನಕ ತುಂಬಿತ್ತು. ಇಲಿಗಳು ಬಂದು ನೋಡಿ, ಇಲ್ಲಿ ಒಂದು ಸಂಸಾರಕ್ಕೆ ಜಾಗ ಸಾಲದು ಎಂದು ಪಕ್ಕದ ಖೋಲಿಗೆ ಹೋಗಿದ್ದವು.

ಹೀಗೇ ನಡೆದುಹೋಗುತ್ತಿತ್ತೋ ಏನೋ, ಮಗಳು ನಾಗವೇಣಿಗೆ ನೆರೂಳಿನ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಗದೆ ಇದ್ದಿದ್ದರೆ.

ಕಾಲೇಜಿಗೆ ಹೋಗಿಬರಲು ತೊಂದರೆಯಿಲ್ಲ, ಠಾಣೆಯಿಂದ ನೆರೂಳಿಗೆ ನೇರ ಗಾಡಿ ಇದೆ. ಇಲ್ಲದ್ದು ಓದಲು ಕೂರುವ ಜಾಗ. ಕೆಳಗೆ ಅಡುಗೆ, ಟಿವಿ, ಬಂದವರು ಹೋದವರು. ಒಂದು ತಿಂಗಳು ಅವಳು ಚಾಳಿನ ಮೆಟ್ಟಿಲ ಮೇಲೆ ಕೂತು ಮನುಷ್ಯನ ಎಲುಬುಗಳ ಹೆಸರು ಬಾಯಿಪಾಠ ಮಾಡಿದಳು. ಹತ್ತಿ ಇಳಿಯುವವರೆಲ್ಲ ಅವಳ ಎಲುಬುಗಳನ್ನು ದಾಟಿಕೊಂಡು ಹೋದರು. ಕೊನೆಗೆ ಶುಕ್ರವಾರ ಬಂದು ಅವ್ವನ ಮುಂದೆ ಚೀಲ ಇಳಿಸಿದಳು.

"ಅವ್ವಾ, ಕ್ಲಾಸ್ ವಾಲೀ ಅನುಷ್ಕಾ ಕೆ ರೂಮ್ ಮೇ ಏಕ್ ಬೆಡ್ ಖಾಲಿ ಹೈ. ನೆರೂಳಲ್ಲೇ. ಸೋಮವಾರ ತಕ್ ಬೋಲನಾ ಹೈ."

"ಕನ್ನಡದಾಗ ಹೇಳವಾ."

"ಮನಿ ಬಿಟ್ಟು ಹೋಗ್ತೀನಿ ಅಂದೆ," ಎಂದಳು ನಾಗವೇಣಿ. ಹಿಂದಿಯಲ್ಲಿ ಹಗುರಾಗಿದ್ದ ಮಾತು ಕನ್ನಡಕ್ಕೆ ಬಂದೊಡನೆ ಇಬ್ಬರಿಗೂ ಭಾರವಾಯಿತು. ಅವಳು ದನಿ ತಗ್ಗಿಸಿದಳು. "ಮಾಳಾ ಖಾಲಿ ಆದ್ರ ಇಲ್ಲೇ ಇರ್ತೀನಿ. ನನಗೂ ಹೋಗೂ ಮನಸಿಲ್ಲ."

ದಾನಮ್ಮನಿಗೆ ಇದ್ದದ್ದು ಒಬ್ಬಳೇ ಮಗಳು. ಇನ್ನು ಮೂರು ವರ್ಷಕ್ಕೆ ಅವಳು ಹೇಗೂ ಯಾವುದೋ ಆಸ್ಪತ್ರೆಗೋ ಯಾರದೋ ಮನೆಗೋ ಹೋಗುವವಳು, ಆ ಮೂರು ವರ್ಷವನ್ನೂ ಒಂದು ಅಟ್ಟದ ರದ್ದಿಗೆ ಬಿಟ್ಟುಕೊಡುವಷ್ಟು ಉದಾರಿ ಅವಳಲ್ಲ. ಶನಿವಾರ ಯಂಕಣ್ಣ ಹಿಡಿಕೆಯಿಂದ ಇಳಿದು ಉಣ್ಣಲು ಕೂತಾಗ ಅವಳು ಯುದ್ಧ ಸಾರಿದಳು.

"ನಾಳೆ ಮಾಳಾ ಖಾಲಿ ಆಗಬೇಕ್ರಿ. ನಿಮ್ಮ ತಂಡದ ವಿಠಲನ ಟೆಂಪೊ ಹೇಳೀನಿ. ಕಲ್ಯಾಣದ ರದ್ದಿ ಮನೀಶನ ಗೋಡಾವನಿಗೆ ಹಾಕಿ ಬರ್ತಾನ."

ಯಂಕಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಊರ ಮನೆಗಳನ್ನೆಲ್ಲ ಖಾಲಿ ಮಾಡಿದ ವೀರ ಅಟ್ಟದ ಕಡೆ ನೋಡಿದ. "ಏಳು ಇಟ್ಕೊ," ಎಂದ.

"ಯಾವ ಏಳು?"

"ನನ್ನ ಕೈಲೆ ಆಗಂಗಿಲ್ಲ. ನಾಳೆ ನೆರೂಳದಾಗ ಕೆಲಸ ಐತಿ, ನಸುಕಿನಾಗ ಹೋಗ್ತೀನಿ. ನೀನ ಆರಸು. ಒಂದೊಂದಕ್ಕ ಮೂರ ಸಲ ಕೂಗು. ಯಾವುದು ಓ ಅಂತೈತಿ ಅದನ್ನ ಇಟ್ಕೊ, ಉಳದದ್ದು ಒಯ್ಯಲಿ."

"ಸಾಮಾನು ಓ ಅಂತಾವೇನು?"

"ಅಂದ್ರ ಅಂದೀತು," ಎಂದು ಯಂಕಣ್ಣ ಉಳಿದ ರೊಟ್ಟಿ ಮುಗಿಸಿದ.

ಭಾನುವಾರ ಅವನು ಹೋದ ಮೇಲೆ ದಾನಮ್ಮ ಸೆರಗು ಸಿಕ್ಕಿಸಿದಳು. ಏಣಿ ಇಡಲು ಹಿಡಿಕೆಯೇ ಅಡ್ಡ ಬಂತು. ಪಕ್ಕದವರ ಪಾನಾ ತಂದು ನಟ್ಟು ತಿರುಗಿಸಿ ಅದನ್ನು ಬಿಚ್ಚಿದಳು. ಕೈಗೆ ಬಂದ ಹಿಡಿಕೆ ಹತ್ತೊಂಬತ್ತು ವರ್ಷದ ಅಂಗೈ ಜಿಡ್ಡಿನಿಂದ ಕಪ್ಪಾಗಿತ್ತು. ಇದಕ್ಕೆ ಕೂಗುವ ಅಗತ್ಯವಿಲ್ಲ, ಇದು ಏಳರಲ್ಲಿ ಮೊದಲನೆಯದು. ತೊಳೆದು ಹೊಸ್ತಿಲ ಹತ್ತಿರ ಬಿಸಿಲಿಗಿಟ್ಟಳು. ಆಮೇಲೆ ಅಟ್ಟ ಹತ್ತಿ, ದೂಳಿನಲ್ಲಿ ಮಂಡಿಯೂರಿ ಕೂತಳು.

ಮೊದಮೊದಲು ನಗು ಬಂತು. ಮುರಿದ ಬರೋಮೀಟರಿಗೆ "ಏನರ ಉಳದೈತೇನು?" ಎಂದು ಕೇಳಿದಳು. ಅದು ಮಳೆ ಬರುತ್ತದೆ ಎಂಬಲ್ಲಿ ಮುಳ್ಳು ನಿಲ್ಲಿಸಿಕೊಂಡು ಸುಮ್ಮನಿತ್ತು. ಗೋಣಿಗೆ ಹೋಯಿತು. ಯಾರೋ ಡಾಕ್ಟರರ ಹೆಸರಿನ ಫಲಕ, ಹಲ್ಲಿನ ಅಚ್ಚು, ಮೂರು ಬೇರೆ ಬೇರೆ ಮನೆಗಳ ಮೂರು ಕರೆಗಂಟೆ, ಬಾಯಿಲ್ಲದ ಹೂಜಿ, ಹೂಜಿಯಿಲ್ಲದ ಬಾಯಿ, ಎಲ್ಲ ಸುಮ್ಮನೆ ಗೋಣಿ ಸೇರಿದವು. ಕೆಳಗಿನಿಂದ ನಾಗವೇಣಿ ಒಂದೊಂದನ್ನೇ ಇಸಿದುಕೊಂಡು ತುಂಬುತ್ತಿದ್ದಳು. "ವಾವ್ ಅವ್ವಾ, ತುಮ್ ತೋ ಜಜ್ ಬನ್ ಗಯೀ," ಎಂದಳು.

ಹೊತ್ತು ಏರಿದಂತೆ ಹೆಂಚಿನ ಸಂದಿಯಿಂದ ಒಂದು ಕೋಲು ಬಿಸಿಲು ಅಟ್ಟಕ್ಕೆ ಇಳಿಯಿತು, ಅದರಲ್ಲಿ ದೂಳು ಮೆಲ್ಲಗೆ ಈಜಾಡತೊಡಗಿತು. ದಾನಮ್ಮನ ದನಿಯೂ ಸಣ್ಣದಾಯಿತು. ಆಗ ಸಿಕ್ಕಿದ್ದು ಕ್ಷೌರದಂಗಡಿಯ ಗಡಿಯಾರ. ಕನ್ನಡಿಯಲ್ಲಿ ನೋಡಿದರೆ ಸರಿ ಕಾಣುವಂತೆ ಉಲ್ಟಾ ಬರೆದದ್ದು, ಉಲ್ಟಾ ತಿರುಗುವಂಥದ್ದು. ಮೂರನೆಯ ಕೂಗಿಗೆ ಅದು ಕಟಕಟ ಎಂದು ಎರಡು ಹೆಜ್ಜೆ ಹಿಂದಕ್ಕೆ ನಡೆಯಿತು. ಬ್ಯಾಟರಿ ಶೆಲ್ಲಿನ ಕಡೆಯ ಉಸಿರು ಇರಬೇಕು, ದಾನಮ್ಮನಿಗೆ ಅದು ಓ ಎಂದದ್ದೇ ಆಯಿತು. ಆ ಎರಡು ಹೆಜ್ಜೆಯಲ್ಲಿ ನಾಗವೇಣಿ ಫ್ರಾಕಿನ ಹುಡುಗಿಯಾಗಿ ಬಂದು ಹೋದಂತೆ ಅವಳಿಗೆ ಅನಿಸಿತು.

ಆಮೇಲೆ ಓಗೊಡುವವರು ಹೆಚ್ಚಾದರು. ಜಾತ್ರೆಯ ತಿರುಗುತೊಟ್ಟಿಲಿನಿಂದ ಬಿಡುಗಡೆಯಾದ, ಒಂದು ಕಿವಿ ಮುರಿದ ಮರದ ಕುದುರೆ. ಅದರ ಬಾಯಿ ನಗುವಂತೆ ತೆರೆದೇ ಇತ್ತು, ಕೂಗುವ ಮುಂಚೆಯೇ ಉತ್ತರ ಹೇಳಿದಂತೆ. ಪೆಟ್ಟಿಗೆಯನ್ನು ಕಳೆದುಕೊಂಡ ಗ್ರಾಮಾಫೋನಿನ ಹಿತ್ತಾಳೆ ಕಹಳೆ ಅವಳ ಪ್ರಶ್ನೆಯನ್ನೇ ಅವಳಿಗೆ ಇನ್ನೂ ಚೆಂದ ಮಾಡಿ ಮರಳಿಸಿತು. ಕಾಲುಚೀಲದ ಅಂಗಡಿಯ ಗಾಜಿನಲ್ಲಿ ನಿಲ್ಲಿಸುತ್ತಿದ್ದ ಮರದ ಕಾಲು, ತೊಡೆಯಿಂದ ಹೆಬ್ಬೆರಳಿನ ತನಕ, ನಾಜೂಕಾದದ್ದು. ಅದು ಏನೂ ಹೇಳಲಿಲ್ಲ, ಆದರೆ ನಾಗವೇಣಿ ಅದಕ್ಕೆ ತನ್ನ ಕಾಲ್ಗೆಜ್ಜೆ ತೊಡಿಸಿ ಘಲ್ ಎನಿಸಿದಳು, ಸಾಕ್ಷಿ ನಡೆಯಿತು. ಸ್ಟೇಷನ್ನಿನ ತೂಕದ ಯಂತ್ರ ಹಿಂದೆ ಉದುರಿಸುತ್ತಿದ್ದ ಭವಿಷ್ಯದ ಚೀಟಿಗಳ ಒಂದು ಡಬ್ಬಿ, ಮೇಲಿನದರಲ್ಲಿ ಐವತ್ತೊಂದು ಕಿಲೊ, ನಿಮಗೆ ದೂರಪ್ರಯಾಣವಿದೆ. ಕಡೆಯದು ಒಳಗೆ ಹಿಮ ಸುರಿಯುವ ಗಾಜಿನ ಗುಂಡು. ಹಿಮ ಎಲ್ಲೋ ಸೋರಿಹೋಗಿ ಒಂದು ಸಣ್ಣ ಮನೆ ಮಾತ್ರ ಉಳಿದಿತ್ತು. ದಾನಮ್ಮ ಅದನ್ನು ಕಿವಿಗಿಟ್ಟುಕೊಂಡು ಎಷ್ಟು ಹೊತ್ತು ಕೂತಳೋ.

ಏಳೂ ಆದವು. ಅವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ್ತಿಲ ಹೊರಗೆ ಹಿಡಿಕೆಯ ಪಕ್ಕ ಸಾಲಾಗಿ ಬಿಸಿಲಿಗಿಟ್ಟಳು. ಬಿಸಾಡುವವನ್ನು ಒಂಬತ್ತು ಗೋಣಿಗಳಲ್ಲಿ ತುಂಬಿ, ಬಾಯಿ ಬಿಗಿದು, ಗಂಟು ಹಾಕಿ, ಒಳಗೆ ಗೋಡೆಗೆ ಒತ್ತಾಗಿ ನಿಲ್ಲಿಸಿದಳು. ಅಚ್ಚುಕಟ್ಟಿನ ಹೆಂಗಸು, ರದ್ದಿಯನ್ನೂ ಮದುಮಗಳನ್ನು ಕಳಿಸುವಂತೆ ಸಿಂಗರಿಸಿಯೇ ಕಳಿಸುವವಳು. ಅಷ್ಟರಲ್ಲಿ ಸ್ವರ್ಣಲತಾ ಕಿಟಕಿಯಿಂದ ಕರೆದಳು, ಭಾನುವಾರದ ಹಿಟ್ಟು ರುಬ್ಬುವುದಿತ್ತು. ನಾಗವೇಣಿ ಬಕೆಟ್ಟು ಹಿಡಿದು ನಲ್ಲಿಯ ಸರತಿಗೆ ಹೋದಳು.

ಇಲ್ಲಿಯೇ ಎಡವಟ್ಟಾದದ್ದು. ಹೊರೆ ಹೊರುವವರ ಲೋಕದಲ್ಲಿ, ಬಿಗಿದು ಕಟ್ಟಿ ಒಳಗೆ ಗೋಡೆಗೆ ನಿಲ್ಲಿಸಿದ್ದು ಎಂದರೆ ಮನೆಯವರ ಜೀವ, ಮುಟ್ಟಬಾರದು. ಹೊಸ್ತಿಲ ಹೊರಗೆ ಬಿಡಿಬಿಡಿಯಾಗಿ ಬಿದ್ದದ್ದು ಎಂದರೆ ಬಿಟ್ಟು ಹೋದದ್ದು. ವರ್ಷಗಟ್ಟಲೆ ಮನೆ ಸಾಗಿಸಿದ ಕಣ್ಣಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವಿಠಲ ಟೆಂಪೊ ನಿಲ್ಲಿಸಿದ, ಬಂದ, ನೋಡಿದ, ಅರ್ಥ ಮಾಡಿಕೊಂಡ. ಧರ್ಮಕ್ಕೆ ತಪ್ಪದಂತೆ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ಎದುರಿನ ಬಿಲ್ಡಿಂಗಿನಲ್ಲಿ ಗ್ರೈಂಡರ್ ಗರಗರ ತಿರುಗುತ್ತಿತ್ತು. ಯಾರೂ ಓ ಎನ್ನಲಿಲ್ಲ.

ದಾನಮ್ಮ ಹಿಟ್ಟಿನ ಕೈ ತೊಳೆದು ಬಂದಾಗ ಹೊಸ್ತಿಲು ಬರಿದಾಗಿತ್ತು. ಒಳಗೆ ಒಂಬತ್ತೂ ಗೋಣಿಗಳು ಮನೆಮಾಲೀಕರಂತೆ ಕೂತಿದ್ದವು.

ಅವಳು ಗಲ್ಲಿಯ ತಿರುವಿನ ತನಕ ಹೋಗಿ ಇಣುಕಿ ಬಂದಳು. ನೀರು ಹೊತ್ತು ಬಂದ ನಾಗವೇಣಿ ವಿಠಲನಿಗೆ ಫೋನು ಹಚ್ಚಿದಳು, ರಿಂಗಾಯಿತು, ಅವನು ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಮುಟ್ಟುವುದಿಲ್ಲ ಎಂಬ ಒಂದು ಸದ್ಗುಣ ಅವನಲ್ಲಿತ್ತು, ಅದು ಈ ದಿನವೇ ಬೆಳಗಬೇಕಾಗಿತ್ತು.

"ಅಪ್ಪಾ ಕೋ ಬೋಲೂಂ?"

"ಬ್ಯಾಡ." ದಾನಮ್ಮ ತೊಲೆಯ ಬರಿ ಕೊಕ್ಕೆ ನೋಡಿದಳು. ಇವತ್ತು ಏಳು ಗಂಟೆಗೆ ಅವನು ಬಂದು ಕೈಯೆತ್ತಿದರೆ ಹಿಡಿಯಲು ಏನಿದೆ? ಅವನ ಗಾಡಿ ನಿಲ್ಲದೆ ಹೊರಟುಹೋಗುತ್ತದೆ. ಮಗಳನ್ನು ಉಳಿಸಿಕೊಳ್ಳಲು ಹೋಗಿ ಗಂಡನ ರಸ್ತೆಯನ್ನೇ ಕಿತ್ತಂತಾಯಿತಲ್ಲ ಎಂದುಕೊಂಡು ಅವಳು ಚಪ್ಪಲಿ ಮೆಟ್ಟಿದಳು. "ಟೆಂಪೊ ಮಾಜಿವಾಡಾ ಸುತ್ತಿ ಹೋಗತೈತಿ. ಸಿಗ್ನಲ್ಲಿನಾಗ ನಿಂತ ನಿಲ್ಲತೈತಿ. ನಾ ಲೋಕಲ್ ಹಿಡೀತೀನಿ."

ಕಿಟಕಿಯಲ್ಲಿ ಸ್ವರ್ಣಲತಾ ಪ್ರತ್ಯಕ್ಷಳಾದಳು. "ಎಂಥ ಆಯ್ತು ದಾನಮ್ಮ? ಹಾಗೆ ಓಡುದು ಎಲ್ಲಿಗೆ?"

"ಕಲ್ಯಾಣಕ್ಕ, ಸ್ವರ್ಣಕ್ಕಾ. ಕುದುರಿ ಹೋಗೇತಿ."

"ಕುದುರೆಯಾ?" ಎಂದಳು ಸ್ವರ್ಣಲತಾ. ಸಂಜೆಯೊಳಗೆ ಕೋಪರಿಯಲ್ಲಿ ಕುದುರೆಯೊಂದು ಕಟ್ಟು ಬಿಚ್ಚಿಕೊಂಡು ಓಡಿದ ಸುದ್ದಿ ಹಬ್ಬಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಭಾನುವಾರದ ಮೆಗಾಬ್ಲಾಕು, ಹಳಿ ರಿಪೇರಿಯ ದಿನ. ಗಾಡಿಗಳು ಕಡಿಮೆ, ಬಂದದ್ದೂ ಎಲ್ಲ ಸ್ಟೇಷನ್ನಿಗೂ ನಿಂತು ನಮಸ್ಕಾರ ಹೇಳುವ ಗಾಡಿ. ಹೆಂಗಸರ ಡಬ್ಬಿಯಲ್ಲಿ ಕೂರಲು ಜಾಗವಿರಲಿಲ್ಲ. ದಾನಮ್ಮ ನಡುವೆ ನುಗ್ಗಿ ತಲೆಯ ಮೇಲಿನ ಹಿಡಿಕೆಗೆ ಎರಡೂ ಕೈ ಹಾಕಿದಳು. ಕಳವಾ ದಾಟಿತು. ಮುಂಬ್ರಾದ ಗುಡ್ಡ ಒಂದು ಕಡೆ, ಖಾಡಿಯ ಹಿನ್ನೀರು ಇನ್ನೊಂದು ಕಡೆ. ಬಿಸಿಲಿಗೆ ನೀರು ತಗಡಿನಂತೆ ಹೊಳೆಯುತ್ತಿತ್ತು. ನಸುಕಿನಿಂದ ಎತ್ತಿ ಇಳಿಸಿದ ಮೈ. ಅವಳ ಕಣ್ಣುಗಳು ತಾವಾಗಿ ಮುಚ್ಚಿದವು.

ಮುಚ್ಚಿದ್ದೇ ತಡ, ಗಾಡಿ ಹಳಿ ಬಿಟ್ಟಿತು. ದಿವಾ ಸ್ಟೇಷನ್ನು ಬರಬೇಕಾದಲ್ಲಿ ಒಂದು ಅಪರಿಚಿತ ಮನೆ ಬಂತು, ಗೋಡೆಯ ಮೇಲೆ ಕ್ಯಾಲೆಂಡರ್ ತೆಗೆದ ಬೆಳ್ಳನೆಯ ಚೌಕ, ನೆಲದಲ್ಲಿ ಮಂಚದ ನಾಲ್ಕು ಕಾಲಿನ ಗುರುತು. ಗಾಡಿ ಅದರ ಬಾಗಿಲಲ್ಲಿ ನಿಂತಿತು. ಯಾರೋ ಅಜ್ಜಿ ಟ್ರಂಕಿನ ಮೇಲೆ ಕೂತು, ನಮ್ಮ ಮನೆಯ ಕರೆಗಂಟೆ ಕ್ಷೇಮವೇ ಎಂದು ಕೇಳಿದಳು. ಗೋಣಿಯಲ್ಲಿದೆ ಎನ್ನಲು ದಾನಮ್ಮನಿಗೆ ನಾಚಿಕೆಯಾಯಿತು. ಮುಂದಿನ ಮನೆಯಲ್ಲಿ ಸಣ್ಣಗೆ ಹಿಮ ಸುರಿಯುತ್ತಿತ್ತು. ಅದರ ಮುಂದಿನದು ಡೊಂಬಿವಲಿ ಇರಬೇಕು, ಬಿಳಿ ಬಟ್ಟೆಯ ಮೋಟರ್‌ಮನ್ ಒಬ್ಬರು ಬಾಗಿಲಲ್ಲಿ ನಿಂತು ಹಸಿರು ಬಾವುಟ ಬೀಸಿದರು. ಎಲ್ಲ ಮನೆಗಳೂ ಬರಿದು, ಯಾವುದೂ ಬರಿದಾಗಿರಲಿಲ್ಲ. ಓಹೋ, ಇಲ್ಲಿಗೇ ಅವರು ದಿನಾ ಬರುವುದು ಎಂದು ದಾನಮ್ಮ ನಿದ್ದೆಯಲ್ಲೇ ತಲೆದೂಗಿದಳು. ಹತ್ತೊಂಬತ್ತು ವರ್ಷ ಒಬ್ಬರೇ ತಿರುಗಾಡಿದರಲ್ಲ, ಒಂದು ಸಲವಾದರೂ ಬಾ ಎನ್ನಲಿಲ್ಲವಲ್ಲ ಎಂದು ಸಣ್ಣ ಸಿಟ್ಟೂ ಬಂತು.

ಠಾಕುರ್ಲಿಯಲ್ಲಿ ಗಾಡಿ ಒಂದು ಜಗ್ಗು ಜಗ್ಗಿತು. ದಾನಮ್ಮನ ಪಾದ ನೆಲ ಬಿಟ್ಟಿತು, ಸೊಂಟದಲ್ಲಿ ಏನೋ ಕಟಕ್ ಎಂದಿತು. ಎಚ್ಚರವಾದಾಗ ಮೈ ಹೂವಿನಂತೆ ಹಗುರಾಗಿತ್ತು. ದೈವದರ್ಶನದ ಫಲ ಎಂದುಕೊಂಡು ಅವಳು ಕಲ್ಯಾಣದಲ್ಲಿ ಇಳಿದಳು.

ಮನೀಶನ ಗೋಡಾವನಿನಲ್ಲಿ ಹಳೆಯ ಕೂಲರುಗಳ ಬೆಟ್ಟ, ಪೇಪರಿನ ಬೆಟ್ಟ, ನಡುವಿನ ಕಣಿವೆಯಲ್ಲಿ ಕುರ್ಚಿ ಹಾಕಿಕೊಂಡು ಮನೀಶ. ಟೆಂಪೊ ಇನ್ನೂ ಬಂದಿರಲಿಲ್ಲ. ಮಾಜಿವಾಡಾ ಅವಳ ಕೈ ಬಿಟ್ಟಿರಲಿಲ್ಲ. ಅವಳು ಗೇಟಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮುಕ್ಕಾಲು ಗಂಟೆಯ ಮೇಲೆ ವಿಠಲನ ಟೆಂಪೊ ತಿರುವಿನಲ್ಲಿ ಕಾಣಿಸಿತು, ಹಿಂದಿನಿಂದ ಮರದ ಕುದುರೆ ತಲೆಯೆತ್ತಿ ನಗುತ್ತಿತ್ತು.

"ವೈನೀ, ನೀವು ಯಾವಾಗ ಬಂದ್ರಿ?" ವಿಠಲ ಬ್ರೇಕು ಹಾಕುವುದನ್ನೂ ಮರೆಯುತ್ತಿದ್ದ.

"ನೀ ಏನ್ ತಂದೀಯೋ ವಿಠಲಾ?"

"ಹೊರಗ ಇಟ್ಟಿದ್ರಲ್ರಿ, ಅದನ್ನ. ಇಷ್ಟ ಸಾಮಾನಿಗೆ ಟೆಂಪೊ ಯಾಕ ಹೇಳಿದ್ರು ಅಂತ ನಾನೂ ವಿಚಾರ ಮಾಡ್ದೆ."

"ತೊಳದು ಒಣಗಾಕ ಇಟ್ಟಿದ್ದೆ. ಇಟ್ಕೊಳ್ಳಾವು ಅವು."

"ತೊಳದ್ರಾ?" ವಿಠಲ ತಲೆ ಕೆರೆದುಕೊಂಡ. "ಬಿಡೂ ಸಾಮಾನು ಯಾರರ ತೊಳೀತಾರ ಅಂತ ನನಗೂ ಅನಿಸ್ತು. ಆದ್ರ ಮೂರ ಸಲ ಕೂಗೇನ್ರಿ ವೈನಿ, ದೇವರಾಣೆ. ಯಾರೂ ಓ ಅನ್ನಲಿಲ್ಲ. ನಿಮ್ಮ ಯಜಮಾನ್ರೇ ಕಲಿಸಿದ್ದು."

ಮನೀಶ ಎದ್ದು ಬಂದು ಟೆಂಪೊದಲ್ಲಿ ಇಣುಕಿದ. ಮರದ ಕಾಲನ್ನು ಎತ್ತಿ ನೋಡಿದ, ಗಾಜಿನ ಗುಂಡನ್ನು ಅಲ್ಲಾಡಿಸಿದ. "ಭಾಭೀ, ಯೇ ತೋ ಕಬಾಡ್ ಭೀ ನಹೀಂ ಹೈ," ಎಂದ. ರದ್ದಿ ಎನಿಸಿಕೊಳ್ಳುವ ಯೋಗ್ಯತೆಯೂ ಇವಕ್ಕಿಲ್ಲ ಎಂಬುದು ಆ ಕ್ಷೇತ್ರದ ಹಿರಿಯ ಪಂಡಿತನ ತೀರ್ಪು. "ಹಿತ್ತಾಳೆಯದು ಇಡಿ, ಬಾಕಿ ವಾಪಸ್."

"ಮೂರ ಸಲ ಆಗೇತಿ ಅಂದ್ರ ನೇಮದ ಪ್ರಕಾರ ಇವು ನಿಂದು, ಹೌದಿಲ್ಲೋ ವಿಠಲಾ?"

"ನೇಮದ ಪ್ರಕಾರ ಹೌದ್ರಿ," ಎಂದ ವಿಠಲ, ನೆಲ ನೋಡುತ್ತ.

"ಹಂಗಾರ ಇನ್ನೊಮ್ಮೆ ಕೂಗು. ಒಂದೊಂದಕ್ಕ."

ವಿಠಲ ಕೂಗಿದ, ಮತ್ತೇನು ಮಾಡುತ್ತಾನೆ. ಟೆಂಪೊದ ಮೇಲೆ ನಿಂತು ಗಡಿಯಾರವನ್ನು ಎತ್ತಿ ಹಿಡಿದು, "ಇದು ಯಾರದ್ರೀ?" ಎಂದ.

"ನಂದು," ಎಂದಳು ದಾನಮ್ಮ.

ಕುದುರೆ ಯಾರದು? ನಂದು. ಕಹಳೆ? ನಂದು. ಕೆಲಸದ ಆಳುಗಳು ಕೂಲರಿನ ಬೆಟ್ಟದಿಂದ ಇಳಿದು ನೋಡತೊಡಗಿದರು. ಹತ್ತೊಂಬತ್ತು ವರ್ಷ ಅವಳು ಅಟ್ಟಕ್ಕೆ ಬೆರಳು ತೋರಿಸಿ ನಿಮ್ಮದು, ನಿಮ್ಮದು, ನಿಮ್ಮ ಕಸ, ನಿಮ್ಮ ಹೊರೆ ಎಂದೇ ಬೈದಿದ್ದಳು. ಈಗ ಒಂದೊಂದು ನಂದುವಿಗೂ ಅವಳ ದನಿ ಏರುತ್ತ ಹೋಯಿತು. ಹಿಡಿಕೆಯ ಸರದಿ ಬಂದಾಗ ವಿಠಲ ಕೂಗಲೇ ಇಲ್ಲ, ಸುಮ್ಮನೆ ಕೆಳಗಿಳಿದು ಅವಳ ಕೈಯಲ್ಲಿಟ್ಟ.

ಮರಳುವಾಗ ಅವಳು ಟೆಂಪೊದ ಮುಂದಿನ ಸೀಟಿನಲ್ಲಿ ಮಡಿಲ ತುಂಬ ಸಂಸಾರ ಇಟ್ಟುಕೊಂಡು ಕೂತಳು. ಮಾಜಿವಾಡಾ ಈ ಕಡೆಯಿಂದಲೂ ತನ್ನ ಪಾಲಿನ ಅರ್ಧ ಗಂಟೆ ವಸೂಲು ಮಾಡಿತು. ಪಕ್ಕದ ಬಸ್ಸಿನ ಕಿಟಕಿಯಲ್ಲಿದ್ದ ಮಗುವೊಂದು ಕುದುರೆಗೆ ಕೈ ಬೀಸಿತು, ದಾನಮ್ಮ ಕುದುರೆಯ ಪರವಾಗಿ ಬೀಸಿದಳು.

"ವೈನೀ," ಎಂದ ವಿಠಲ, ಸ್ಟೀರಿಂಗಿನ ಮೇಲೆ ಗದ್ದವೂರಿ. "ಆ ಹಿಡಿಕಿ ಹಿಡದು ಅಣ್ಣ ಎಲ್ಲಿಗಿ ಹೋಗ್ತಾನ್ರಿ? ನಾವೆಲ್ಲ ಮಾತಾಡ್ಕೊಂತೀವಿ. ಕೇಳೂ ಧೈರ್ಯ ಆಗಿಲ್ಲ."

"ನನಗ ಗೊತ್ತೈತಿ," ಎಂದಳು ದಾನಮ್ಮ. "ಇವತ್ತ ನಾನೂ ಹೋಗಿ ಬಂದೆ."

ವಿಠಲ ಅವಳ ಮುಖ ನೋಡಿದ, ಹಿಂದಿನವನು ಹಾರ್ನು ಬಾರಿಸುವ ತನಕ.

ಮನೆ ಮುಟ್ಟಿದ ಮೇಲೆ ಒಂಬತ್ತು ಗೋಣಿಗಳು ಅದೇ ಟೆಂಪೊ ಏರಿ ಹೊರಟವು. ಈ ಸಲ ದಾನಮ್ಮನೇ ಬಾಗಿಲಲ್ಲಿ ನಿಂತು ಎಣಿಸಿ ಹಾಕಿಸಿದಳು. ಕಡೆಯ ಗೋಣಿಯನ್ನು ಒಂದು ಕ್ಷಣ ತಡೆದು, ಗಂಟು ಬಿಚ್ಚಿ, ಒಂದು ಕರೆಗಂಟೆ ತೆಗೆದಿಟ್ಟುಕೊಂಡಳು. ಎಂಟಾಯಿತು. ಕನಸಿನ ಅಜ್ಜಿಗೆ ಉತ್ತರ ಹೇಳಬೇಕಲ್ಲ.

ನಾಗವೇಣಿ ಅಟ್ಟವನ್ನು ಒರೆಸಿ ಚಾಪೆ ಹಾಸಿದ್ದಳು. ಅಂಚಿನಲ್ಲಿ ಕುದುರೆ, ಕಹಳೆ, ಗುಂಡು, ಚೀಟಿಯ ಡಬ್ಬಿ. ಹೊಸ ಶೆಲ್ಲು ಹಾಕಿದ ಗಡಿಯಾರ ಗೋಡೆಯಲ್ಲಿ ಉತ್ಸಾಹದಿಂದ ಹಿಂದಕ್ಕೆ ನಡೆಯುತ್ತಿತ್ತು. "ಪರೀಕ್ಷಾ ದಿನಾ ಇದನ್ನ ನೋಡಿದ್ರ ಟೈಮ್ ಉಳೀತದ," ಎಂದು ನಕ್ಕಳು, ಕನ್ನಡದಲ್ಲೇ. ಅವಳು ಅನುಷ್ಕಾಗೆ ಫೋನು ಮಾಡಿ ಬೆಡ್ ಬೇಡ ಎಂದು ಹೇಳಿದ್ದು ದಾನಮ್ಮನ ಕಿವಿಗೆ ಬಿದ್ದಿತ್ತು. ದಾನಮ್ಮ ರೊಟ್ಟಿ ಬಡಿದಳು, ಎಂದಿಗಿಂತ ಸ್ವಲ್ಪ ಜೋರಾಗಿಯೇ.

ಏಳಕ್ಕೆ ಹತ್ತು ನಿಮಿಷವಿರುವಾಗ ಯಂಕಣ್ಣ ನೆರೂಳಿನಿಂದ ಬಂದ. ಹೆಗಲ ಮೇಲೆ ನೆಲಕ್ಕೆ ಕೂತು ಬರೆಯುವ ಒಂದು ಗಿಡ್ಡ ಮೇಜಿತ್ತು. ದಾನಮ್ಮ ಹೌಹಾರಿದಳು. ಯಂಕಣ್ಣ ಮೂರನೆಯ ಕೂಗಿನ ಮೇಲೆ ಉಪಯೋಗಕ್ಕೆ ಬರುವ ವಸ್ತು ಎತ್ತಿದ್ದು ಅವನ ಚರಿತ್ರೆಯಲ್ಲೇ ಮೊದಲು. ಹತ್ತಿರ ಬಂದು ನೋಡಿದರೆ ಸಮಾಧಾನವಾಯಿತು, ಮೇಜಿಗೆ ಮೂರೇ ಕಾಲು.

"ನಾಕನೇದು?"

"ಆ ಕಾಲು ಇಟ್ಟೀಯಿಲ್ಲೋ?" ಎಂದ ಯಂಕಣ್ಣ.

ಕಾಲುಚೀಲದ ಅಂಗಡಿಯ ಕಾಲನ್ನು ಮಂಡಿಯ ಕೆಳಗೆ ಕೊಯ್ದರೆ ಸರಿಯಾಗಿ ಕೂರುತ್ತದೆಯೋ ಎಂದು ಅವನು ಗೇಣು ಹಾಕಿ ಅಳೆದ. ನಾಗವೇಣಿ ಅಪ್ಪನಿಗೆ ಆ ಕಾಲಿನ ಎಲುಬುಗಳ ಹೆಸರನ್ನು ಒಂದೊಂದಾಗಿ ಹೇಳಿ, ಎಲ್ಲಿ ಕೊಯ್ಯಬೇಕು ಎಂದು ಸೀಮೆಸುಣ್ಣದಲ್ಲಿ ಗೀಟು ಎಳೆದಳು. ಕೊಯ್ದರು. ಮೇಜು ನಿಂತಿತು, ಮೂರು ಕಾಲಲ್ಲಿ ಗಂಭೀರವಾಗಿ, ನಾಲ್ಕನೆಯದರಲ್ಲಿ ಗೆಜ್ಜೆ ಕಟ್ಟಿಕೊಂಡು.

ಆಮೇಲೆ ಯಂಕಣ್ಣ ಕೈಕಾಲು ತೊಳೆದು ಬಂದ. ಕೊಕ್ಕೆಯಲ್ಲಿ ಹಿಡಿಕೆ ಮತ್ತೆ ತೂಗುತ್ತಿತ್ತು, ಹೊಸದರಂತೆ ಬೆಳ್ಳಗೆ. ಅವನು ಅದನ್ನು ಒಂದು ಗಳಿಗೆ ಗುರುತು ಹಿಡಿಯದವನಂತೆ ನೋಡಿ, ಎರಡೂ ಕೈ ಹಾಕಿ ಕಣ್ಣು ಮುಚ್ಚಿದ. ಚಾಳು ಸದ್ದು ಅಡಗಿಸಿತು. ಗೋಡೆಯ ಆಚೆ ಒಂದು ಲೋಕಲ್ ಹೊರಟಿತು, ಮನೆ ಸಣ್ಣಗೆ ನಡುಗಿತು, ಅಟ್ಟದ ಅಂಚಿನ ಕುದುರೆಯ ಒಂದೇ ಕಿವಿ ಅಲುಗಿದಂತಾಯಿತು. ದಾನಮ್ಮ ತಟ್ಟೆ ಹಿಡಿದು ನಿಂತೇ ಇದ್ದಳು. ಈಗ ದಿವಾ ದಾಟಿರಬೇಕು, ಈಗ ಅಜ್ಜಿಯ ಮನೆ, ಈಗ ಹಿಮ ಸುರಿಯುವ ಮನೆ, ಈಗ ಬಾವುಟ. ಎಲ್ಲ ನಿಲ್ದಾಣಗಳನ್ನೂ ಅವಳು ಮನಸ್ಸಿನಲ್ಲೇ ಅವನ ಜೊತೆ ಇಳಿದು ಹತ್ತಿದಳು.

ಅವನು ಕಣ್ಣು ಬಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಕೇಳಿಯೇ ಬಿಟ್ಟಳು.

"ರೀ, ಖರೇ ಹೇಳ್ರಿ. ಇದನ್ನ ಹಿಡಕೊಂಡು ದಿನಾ ಎಲ್ಲಿಗಿ ಹೋಗ್ತೀರಿ?"

ಅಟ್ಟದ ಮೇಲಿನ ಪುಸ್ತಕ ಮುಚ್ಚಿತು. ಎದುರಿನ ಕಿಟಕಿಯಲ್ಲಿ ಸ್ವರ್ಣಲತಾ ಗ್ರೈಂಡರ್ ನಿಲ್ಲಿಸಿದಳು.

ಯಂಕಣ್ಣ ಹೆಂಡತಿಯ ಮುಖವನ್ನು ತುಸು ಆಶ್ಚರ್ಯದಿಂದ ನೋಡಿದ.

"ಎಲ್ಲಿಗಿ ಹೋಗಲಿ? ಹೊರಿ ಹೊತ್ತು ಹೊತ್ತು ನಡ ಹಿಡದಿರತೈತಿ. ಒಂದೀಟ ಜೋತಬಿದ್ರ ಕಟಕ್ ಅಂತ ಬಿಡತೈತಿ. ಊಟಕ್ಕ ಹಾಕು."